ಮಕ್ತುಮಸಾಬನ ಹದಿನೈದು ಅಂಪೇರು

ಯಾದಗಿರಿ ಸ್ಟೇಶನ್ ಹಿಂದ ಆಗ ಒಂದು ಇಂಜಿನ್ ಮನಿ ಇತ್ತು. ತಗಡಿನ ಮಾಡು, ಒಳಗ ಊರಿಗೆಲ್ಲ ಬಿಜಲಿ ಕೊಡೂ ಡೀಸಲ್ ಇಂಜಿನ್ನು, ಅದರ ಮುಂದ ಒಂದು ಸ್ಟೂಲು, ಸ್ಟೂಲಿನ ಮ್ಯಾಲ ಮಕ್ತುಮಸಾಬ. ಮೂರಕ್ಕೂ ಒಂದೇ ಬಣ್ಣ, ಒಂದೇ ವಾಸನಿ. ಅಂವ ಗೋಗಿ ಊರಾಂವ. ಹದಿನಾಕು ವರ್ಷದಾಂವ ಇದ್ದಾಗ ಇಂಜಿನ್ ಒರಸಾಕ ಬಂದಾಂವ, ನಲವತ್ತೈದು ದಾಟಿದ್ರೂ ಒರಸೂದು ಬಿಟ್ಟಿರಲಿಲ್ಲ. ಹತ್ತೊಂಬೈನೂರ ನಲವತ್ತೆಂಟರಾಗ ಹೈದರಾಬಾದಿನ ಮ್ಯಾಲ ಫೌಜು ಬಂದಾಗ ಊರಾಗಿನ ದೊಡ್ಡ ದೊಡ್ಡ ಸಾಹೇಬ್ರು ಶೇರವಾನಿ ಬಿಚ್ಚಿ ಒಗೆದು ಸಿಕ್ಕ ಗಾಡಿ ಹತ್ತಿದ್ರು. ಇಂವ ಮಾತ್ರ ಇಂಜಿನ್ ನಡಸ್ಕೋತ ಕುಂತಿದ್ದ. ಯಾಕಪಾ ಅಂತ ಕೇಳಿದ್ರ, "ಬಂದ್ ಮಾಡು ಅಂತ ಯಾರೂ ಹುಕುಂ ಕೊಟ್ಟಿಲ್ಲಲ್ಲ" ಅಂದ. ಐವತ್ತಾರರಾಗ ನಮ್ಮನ್ನ ಹೈದರಾಬಾದಿನಿಂದ ಬಿಡಿಸಿ ಮೈಸೂರಿಗಿ ಕೂಡಿಸಿದ್ರು. ಗ್ವಾಡಿ ಮ್ಯಾಲಿನ ಫೋಟೋ ಬದಲಾದ್ವು, ಇವನ ಪೈಜಾಮದ ಎಣ್ಣಿ ಕಲಿ ಬದಲಾಗಲಿಲ್ಲ.

ನಾ ದೇವಕಮ್ಮ. ಆವಾಗ ಸ್ಟೇಶನ್ ರಸ್ತಾದ ಸಣ್ಣ ಹೆರಿಗಿ ದವಾಖಾನ್ಯಾಗ ಆಯಾ ಇದ್ದೆ. ಈಗ ಆ ದವಾಖಾನಿ ಹುಡುಕಾಕ ಹೋಗಬ್ಯಾಡ್ರಿ, ಅದನ್ನ ಕೆಡವಿ ಬಟ್ಟಿ ಅಂಗಡಿ ಮಾಡ್ಯಾರ. ಹತ್ತು ಮಂಚ, ಒಬ್ಬಾಕಿ ನರ್ಸಮ್ಮ, ವಾರಕ್ಕ ಎರಡು ಸಲ ಗುಲ್ಬರ್ಗಾದಿಂದ ರೈಲಿನ್ಯಾಗ ಬಂದು ಹೋಗೂ ಡಾಕ್ಟರಮ್ಮ. ಉಳಿದ ಕೆಲಸಕ್ಕೆಲ್ಲ ನಾನು. ಹೇಸಿಗಿ ಬಳಿಯೂದರಿಂದ ಹಿಡಿದು ಹೆಂಗಸರ ಬೈಗುಳ ತಿನ್ನೂತನ ಎಲ್ಲಾ ನನ್ನ ಪಾಲು.

ಹೈದರಾಬಾದಿನವ್ರು ಹೋಗೂ ಮುಂದ ನಮಗೊಂದು ಬಿಜಲಿ ಪೆಟಗಿ ಕೊಟ್ಟು ಹೋಗಿದ್ರು. ಕತ್ರಿ, ಚಿಮಟಿಗಿ, ಸೂಜಿ ಎಲ್ಲಾ ಅದರಾಗ ಹಾಕಿ ಕುದಿಸೂದು. ಹಿತ್ತಾಳಿ ಪೆಟಗಿ, ಮ್ಯಾಲ ತಿರುವಿ ಬಿಗಿಯೂ ಮುಚ್ಚಳ, ಮುಂದ ಒಂದು ಕೆಂಪು ದೀಪ. ಅದನ್ನ ಚಾಲೂ ಮಾಡಾಕ ದೊಡ್ಡವ್ರೊಬ್ರು ಬಂದಿದ್ರು. ಪೆಟಗಿಗೂ ಮಾಲಿ, ಅವರಿಗೂ ಮಾಲಿ. ಫೋಟೋದಾಗ ಹಿಂದಿನ ಕರೀ ಗ್ವಾಡಿ ಚಂದ ಕಾಣಂಗಿಲ್ಲ ಅಂತ ಹಿಂದಿನ ದಿನಾನೇ ನಮ್ಮ ಕಟಗಿ ಒಲಿ ಒಡದು ಸುಣ್ಣಾ ಬಳಿಸಿದ್ರು. ದೀಪ ಹತ್ತಿದ ಕೂಡ್ಲೇ ಎಲ್ಲಾರೂ ಚಪ್ಪಾಳಿ ಹೊಡದ್ರು. ನೀರು ಕುದಿಯೂತನ ನಿಲ್ಲಾಕ ಯಾರಿಗೂ ಪುರಸತ್ತಿರಲಿಲ್ಲ, ಚಾ ಆರಾಕತ್ತಿತ್ತು.

ಐವತ್ತೇಳರ ಸಂಕ್ರಾಂತಿ ಮುಂದ ವೆಂಕಟಪ್ಪ ಅನ್ನೂ ಮ್ಯಾನೇಜರು ಮೈಸೂರು ಕಡಿಯಿಂದ ಬದಲಿಯಾಗಿ ಬಂದ. ಕೋಟು, ಟೊಪಿಗಿ, ಮಳಿ ಇಲ್ಲದ ಊರಾಗ ಒಂದು ಛತ್ರಿ. ನಮ್ಮ ಮಾತು ಕೇಳಿದ್ರ ಕಿವ್ಯಾಗ ಖಾರ ಬಿದ್ದಂಗ ಮಾರಿ ಮಾಡ್ತಿದ್ದ. ಅವನಿಗಿ ಒಂದೇ ಚಟ: ನಿಯಮ ಬರೆದು ಗ್ವಾಡಿಗಿ ಅಂಟಿಸೂದು. ಬಂದ ಒಂದೇ ತಿಂಗಳಾಗ ಇಪ್ಪತ್ತೆರಡು ಕಾಗದ ಅಂಟಿಸಿದ್ದ, ಸಂಡಾಸಿನ ಒಳಗೂ ಒಂದಿತ್ತು. ಓದಾಕ ಬರೂ ಹೆಣ್ಮಗಳು ಆ ದವಾಖಾನಿಗಿ ವರ್ಷಕ್ಕೊಬ್ಬಾಕಿ ಬಂದ್ರ ಹೆಚ್ಚು. ಪೆಟಗಿ ಮ್ಯಾಲಿನ ಕಾಗದದಾಗ ಮೂರು ನಿಯಮ ಇದ್ವು. ದೀಪ ಉರಿದ ಮೇಲೆ ಅರ್ಧ ಗಂಟೆ ಇಡತಕ್ಕದ್ದು. ನೀರು ಆರುವವರೆಗೆ ಮುಚ್ಚಳ ತೆರೆಯಕೂಡದು. ದೀಪ ಉರಿಯದಿದ್ದಲ್ಲಿ ಒಲೆಯ ಮೇಲೆ ಕುದಿಸತಕ್ಕದ್ದು. ನನಗ ನಾಕನೇ ಇಯತ್ತೆತನ ಓದಿಸಿದ್ದ ಅಪ್ಪನ ಪುಣ್ಯದಿಂದ ನಾ ಮೂರೂ ಬಾಯಿಪಾಠ ಮಾಡಿದ್ದೆ.

ಊರಿಗಿ ಬಿಜಲಿ ಸಂಜಿ ಹೊತ್ತು ಮಾತ್ರ. ಆದರ ನಮ್ಮ ಪೆಟಗಿ ಸಲುವಾಗಿ ಮಕ್ತುಮಸಾಬ ಮುಂಜಾನಿ ಆರಕ್ಕ ಇಂಜಿನ್ ಹಚ್ಚಿ ಏಳೂವರಿತನ ನಡಸಬೇಕು ಅಂತ ಕರಾರಿತ್ತು. ಆ ಹೊತ್ತಿನ್ಯಾಗ ಊರಾಗ ಬ್ಯಾರೆ ಒಂದು ಬಲ್ಬು ಸೈತ ಉರೀತಿರಲಿಲ್ಲ. ಇಡೀ ಇಂಜಿನ್ ದುಡಿಯೂದು ನಮ್ಮ ಕತ್ರಿ ಸಲುವಾಗಿ. ಅಂವ ಸ್ಟೂಲಿನ ಮ್ಯಾಲ ಕುಂತು ಮೀಟರಿನ ಮುಳ್ಳು ನೋಡ್ತಿದ್ದ. ನಾ ಇಲ್ಲಿ ಪೆಟಗಿ ಖಟಕಿ, ಅಂದ್ರ ಸ್ವಿಚ್ಚು, ಒತ್ತಿದ ಕೂಡ್ಲೇ ಅಲ್ಲಿ ಮುಳ್ಳು ಎದ್ದು ಹದಿನೈದಕ್ಕ ನಿಲ್ತಿತ್ತು. ದಿನಾ ಅದನ್ನ ಉರ್ದುದಾಗ ವಹಿಯೊಳಗ ಬರಕೊಳ್ತಿದ್ದ. ಮುಂಜಾನಿ ಆರು ಗಂಟಿ ಐದು ನಿಮಿಷ, ದವಾಖಾನಿ, ಹದಿನೈದು ಅಂಪೇರು. ಹಂಗ ಬರೀ ಅಂತಲೂ ಅವನಿಗಿ ಯಾರೂ ಹುಕುಂ ಕೊಟ್ಟಿರಲಿಲ್ಲ.

ಫೆಬ್ರುವರಿದಾಗ ಒಂದು ಮುಂಜಾನಿ ಅಂವ ದವಾಖಾನಿ ಬಾಗಿಲಿಗಿ ಬಂದು ನಿಂತ. "ತಂಗೆವ್ವಾ, ನಿಮ್ಮ ಪೆಟಗ್ಯಾಗಿನ ನೀರು ಕಾಸೂ ರಾಡು ಒಂದು ಸುಟ್ಟಾದ" ಅಂದ.

ನಾ ನಕ್ಕೆ. "ಮಕ್ತುಮಣ್ಣ, ನೀ ಸ್ಟೇಶನ್ ಹಿಂದ ಕುಂತಾಂವ. ನನ್ನ ಪೆಟಗಿ ಇಲ್ಲೇ ನನ್ನ ಮುಂದದ. ದೀಪ ಢಾಳಾಗಿ ಉರಿಯಾಕತ್ತಾದ. ನಿನಗ ಹೆಂಗ ಕನಸು ಬಿತ್ತು?"

"ಒಳಗ ಮೂರು ರಾಡು ಅವ. ಒಂದೊಂದು ಐದೈದು ಅಂಪೇರು ತಿಂತಾವ. ಮನ್ಯಾಗ ಮೂರು ಮಂದಿ ಗಂಡಸರು ಅದಾರ ಅಂತ ತಿಳಕೋ, ಒಬ್ಬೊಬ್ಬರಿಗಿ ಐದು ರೊಟ್ಟಿ. ದಿನಾ ಹದಿನೈದು ಖರ್ಚಾಗ್ಬೇಕು. ಇವತ್ತು ಹತ್ತೇ ಖರ್ಚಾದ್ರ ಒಬ್ಬಂವ ಉಂಡಿಲ್ಲ, ಜಡ್ಡು ಬಿದ್ದಾನ. ಅದನ್ನ ತಿಳಿಯಾಕ ಮನಿಯೊಳಗ ಇಣುಕಬೇಕೇನು? ರೊಟ್ಟಿ ಬುಟ್ಟಿ ನೋಡಿದ್ರ ಸಾಕು."

"ದೀಪ ಉರೀತದಲ್ಲ ಮತ್ತ?"

"ದೀಪ ಬ್ಯಾರೆ ತಂತಿ ಮ್ಯಾಲದ. ಮೂರೂ ಸತ್ತರೂ ಅದು ಉರೀತದ."

ಮುಂಜಾನಿ ಮುಂಜಾನಿ ಇವನ ಪುರಾಣ ಎಲ್ಲಿ ಹಚ್ಚಿದ ಅಂತ ಬೈದು ಕಳಿಸಿದೆ. ಖರೇ ಹೇಳ್ಬೇಕಂದ್ರ ಪೆಟಗಿ ತೂತಿನಿಂದ ಹಬಿ ಬರೂದು ಕಮ್ಮಿ ಆಗಿದ್ದನ್ನ ನಾ ನೋಡಿದ್ದೆ. ಬಿಸಲು ಹೆಚ್ಚಾದಾಗ ಹಬಿ ಕಾಣಂಗಿಲ್ಲ ಅಂತ ನನಗ ನಾನೇ ಹೇಳಿಕೊಂಡಿದ್ದೆ. ನಿಯಮದಾಗ ಹಬಿ ಬಗ್ಗೆ ಒಂದಕ್ಷರ ಇರಲಿಲ್ಲ.

ಆ ತಿಂಗಳು ಬಾಣಂತೇರಿಗಿ ಜ್ವರ ಸುರು ಆಯ್ತು. ಹಡದ ಮೂರನೇ ದಿನಕ್ಕ ಮೈ ಕೆಂಡ, ಹೊಟ್ಟಿ ನೋವು, ಬಡಬಡಿಕಿ. ಒಬ್ಬಾಕಿಗಿ ಬಂತು, ಇನ್ನೊಬ್ಬಾಕಿಗಿ ಬಂತು. ವೆಂಕಟಪ್ಪ ಕಾರಣ ಬರಕೊಂಡ: ಹಳ್ಳಿಯ ಹೆಂಗಸರಲ್ಲಿ ಶುಚಿತ್ವದ ಅಭಾವ. ಅದಕ್ಕೊಂದು ಇಪ್ಪತ್ಮೂರನೇ ಕಾಗದ ಅಂಟಿಸಿದ. ಮಾರ್ಚಿನ್ಯಾಗ ಮತ್ತೆರಡು ಜ್ವರ. ವನದುರ್ಗದ ಮಾಳಮ್ಮ, ಕುರಿ ಕಾಯೂ ಮನಿಯಾಕಿ, ಚೊಚ್ಚಲ ಗಂಡು ಹಡದು ಆರನೇ ದಿನಕ್ಕ ಸತ್ತಳು. ಕೂಸನ್ನ ಅವಳ ಅತ್ತಿ ಕಂಬಳ್ಯಾಗ ಸುತ್ಕೊಂಡು ಒಯ್ಯೂ ಮುಂದ ನನ್ನ ಕೈ ಹಿಡದು, "ನೀ ಭಾಳ ಮಾಡಿದಿ ಯವ್ವಾ" ಅಂದ್ಲು. ನನಗ ಅವತ್ತು ಉಣ್ಣಾಕ ಆಗಲಿಲ್ಲ.

ಮರುದಿನ ಮಕ್ತುಮಸಾಬ ಮತ್ತ ಬಂದ. ಈ ಸಲ ವಹಿ ಬಗಲಾಗಿಟ್ಕೊಂಡು ಬಂದಿದ್ದ. "ಈಗ ಮುಳ್ಳು ಐದಕ್ಕದ. ಎರಡು ರಾಡು ಹೋಗ್ಯಾವ. ನೀ ಒಂದು ಸಲ ಮುಚ್ಚಳ ತೆಗೆದು ನೋಡು, ನಾ ಸುಳ್ಳಾಗಿದ್ರ ನಿನ್ನ ಚಪ್ಪಲಿ ನನ್ನ ತಲಿ."

ಅರ್ಧ ತಾಸು ಆದಮ್ಯಾಲ, ಆರೂತನ ಕಾಯದೇ, ಮುಚ್ಚಳ ತಿರುವಿ ತೆಗೆದೆ. ನೀರು ಸುಮ್ಮನ ಮಲಗಿದ್ವು. ಒಂದು ಗುಳ್ಳಿ ಇಲ್ಲ, ಸಪ್ಪಳಿಲ್ಲ. ಬೆರಳು ಅದ್ದಿದ್ರ ಚುರುಕ್ ಅಂತಿತ್ತು ಖರೇ, ಆದರ ನಾವು ಬಾಣಂತಿಗಿ ಎರಿಯೂ ನೀರು ಇದಕ್ಕಿಂತ ಬಿಸಿ ಇರ್ತಾವ. ತಳದಾಗ ಕತ್ರಿ ಬಿದ್ದಿತ್ತು. ಮಾಳಮ್ಮನ ಹೆರಿಗಿಗಿ ಹಿಡಿದಿದ್ದು ಅದೇ ಕತ್ರಿ.

ಇಬ್ಬರೂ ಕೂಡಿ ವೆಂಕಟಪ್ಪನ ಕಡಿ ಹೋದಿವಿ. ಮಕ್ತುಮಸಾಬ ರೊಟ್ಟಿ ಲೆಕ್ಕ ಮತ್ತ ಹೇಳಿದ. ವೆಂಕಟಪ್ಪ ಎಲ್ಲಾ ಕೇಳಿ ಟೊಪಿಗಿ ತೆಗೆದು ಮೇಜಿನ ಮ್ಯಾಲಿಟ್ಟ.

"ನೋಡ್ರೀ ಸಾಬ್ರೇ, ನೀವು ಯಾವ ಇಲಾಖೆ? ವಿದ್ಯುತ್ತು. ನಾನು ಯಾವ ಇಲಾಖೆ? ಆರೋಗ್ಯ. ನನ್ನ ಯಂತ್ರ ಕೆಟ್ಟಿದೆ ಅಂತ ನೀವು ಹೇಳೋದು ಅಧಿಕಪ್ರಸಂಗ."

"ಬರೀ ಎರಡು ರಾಡು ತರಿಸ್ರಿ ಸಾಹೇಬ್ರ, ನಾ ಹಾಕಿ ಕೊಡ್ತೀನಿ."

"ತರಿಸೋಕೆ ಆ ಯಂತ್ರ ನಮ್ಮ ಪಟ್ಟಿಯಲ್ಲಿ ಇರಬೇಕಲ್ಲ. ಅದು ಹೈದರಾಬಾದ್ ಸರ್ಕಾರ ಕೊಂಡಿದ್ದು. ವಿಲೀನದ ಪಟ್ಟಿ ಇನ್ನೂ ಬೆಂಗಳೂರಿಗೆ ಬಂದಿಲ್ಲ. ಪಟ್ಟಿ ಬರೋವರೆಗೆ ಕಾಗದದ ಮೇಲೆ ಅಂಥ ಯಂತ್ರವೇ ಇಲ್ಲ. ಇಲ್ಲದ ಯಂತ್ರ ಹೇಗ್ರೀ ಕೆಡುತ್ತೆ?"

ಮಕ್ತುಮಸಾಬ ನನ್ನ ಮಾರಿ ನೋಡಿದ. ನಾ, "ಸಾಹೇಬ್ರ, ನೀರು ಕುದಿಯಂಗಿಲ್ರಿ, ನಾ ಮುಚ್ಚಳ ತೆಗೆದು ನೋಡೀನಿ" ಅಂದೆ. ವೆಂಕಟಪ್ಪನ ಕಣ್ಣು ಕೆಂಪಗಾದ್ವು. "ಎರಡನೇ ನಿಯಮ ಏನು ಹೇಳುತ್ತೆ?" ಅಂದ. ನಾ ಬಾಯಿಪಾಠ ಒಪ್ಪಿಸಿದೆ. ಇನ್ನೊಂದು ಸಲ ಹಂಗ ತೆಗೆದ್ರ ಕೆಲಸದಿಂದ ತೆಗಿತೀನಿ ಅಂದ, ಮಾತು ಅಲ್ಲಿಗಿ ಮುಗೀತು. ಅವತ್ತು ಡಾಕ್ಟರಮ್ಮ ಬಂದಾಗ ಅಕಿನೂ ಕೇಳಿದ್ಲು, ಮಷೀನು ಸರಿ ಇದೆಯಾ ಅಂತ. ವೆಂಕಟಪ್ಪ ಕೆಂಪು ದೀಪ ತೋರಿಸಿದ. ಅಕಿಗಿ ಸಂಜಿ ರೈಲು ಹಿಡಿಯೂದಿತ್ತು, ಹೂಂ ಅಂದು ಹೋದ್ಲು.

ಆಮ್ಯಾಲ ನಾ ಏನು ಮಾಡಿದೆ ಅಂತ ಕೇಳ್ರಿ. ಮಕ್ತುಮಸಾಬನ್ನ ಹೊಗಳಾಕ ಕುಂತೀನಿ, ನನ್ನ ಹೊಲಸು ಮುಚ್ಚಿಡೂದು ಯಾಕ? ನಮ್ಮ ಓಣಿ ಹೆಣ್ಮಕ್ಕಳು, ಬಳಗದವ್ರು ಹಡಿಯಾಕ ಬಂದ್ರ ಕತ್ರಿ, ಚಿಮಟಿಗಿ ಸೆರಗಿನ್ಯಾಗ ಕಟಗೊಂಡು ಮನಿಗಿ ಒಯ್ದು ಗಡಗ್ಯಾಗ ಕುದಿಸಿ ತರತಿದ್ದೆ. ದೂರದ ಹಳ್ಳಿಯಿಂದ ಬಂದ ಗುರ್ತಿಲ್ಲದವ್ರಿಗಿ ಪೆಟಗಿನೇ ಗತಿ. ದಿನಾ ಎಲ್ಲಾರಿಗೂ ಒಯ್ದು ತರಾಕ ಹೋದ್ರ ಸಿಕ್ಕಿ ಬೀಳ್ತಿದ್ದೆ, ನೌಕರಿ ಹೋಗ್ತಿತ್ತು. ಹಿಂಗ ಮೂರು ವಾರ ನಡಸಿದೆ. ಮತ್ತಿಬ್ಬರಿಗಿ ಜ್ವರ ಬಂತು. ಇಬ್ಬರೂ ಹಳ್ಳಿಯವ್ರು.

ಏಪ್ರಿಲಿನ್ಯಾಗ ಮಕ್ತುಮಸಾಬನ ಮಗಳು ಹಜರಾಬೀ ಹುಣಸಗಿಯಿಂದ ಚೊಚ್ಚಲ ಹೆರಿಗಿಗಿ ತವರಮನಿಗಿ ಬಂದ್ಲು. ತವರಮನಿ ಅಂದ್ರ ಏನು, ಇಂಜಿನ್ ಮನಿ ಹಿಂದಿನ ಒಂದು ಖೋಲಿ. ತಾಯಿ ಸತ್ತು ಐದು ವರ್ಷ ಆಗಿತ್ತು. ಹುಡುಗಿ ಸೊಂಟದ ಎಲುಬು ಸಣ್ಣದು ಅಂತ ಡಾಕ್ಟರಮ್ಮ ನೋಡಿ, ಮನ್ಯಾಗ ಹಡಿಯಬ್ಯಾಡ, ದವಾಖಾನಿಗೇ ಬಾ ಅಂತ ಹೇಳಿದ್ಲು. ಮಕ್ತುಮಸಾಬನಿಗಿ ಇರೂದು ಆಕಿ ಒಬ್ಬಾಕಿನೇ.

ನಾ ಇಂಜಿನ್ ಮನಿಗಿ ಹೋಗಿ ಹೇಳಿದೆ. "ಮಕ್ತುಮಣ್ಣ, ನೀ ಚಿಂತಿ ಮಾಡಬ್ಯಾಡ. ಹಜರಾಬೀಗಿ ನಾ ಮನ್ಯಾಗ ಕುದಿಸಿ ತರ್ತೀನಿ. ನಮ್ಮವ್ರಿಗಿ ಹಂಗೇ ಮಾಡಾಕತ್ತೀನಿ."

ಅಂವ ಒರಸೂ ಅರಿವಿ ಕೆಳಗಿಟ್ಟ. "ಈಗ ದವಾಖಾನ್ಯಾಗ ಎಷ್ಟು ಮಂದಿ ಅದಾರ?"

"ಮೂರು ಮಂದಿ. ಒಬ್ಬಾಕಿ ಶಹಾಪುರದಾಕಿ, ಇಬ್ಬರು ಯಾವುದೋ ತಾಂಡಾದವ್ರು."

"ಅವರಿಗಿ?"

ನಾ ಸೆರಗಿನ ತುದಿ ತಿರುವಾಕತ್ತಿದೆ.

"ನನ್ನ ಮಗಳಿಗೊಂದು ನೀರು, ಮಂದಿ ಮಗಳಿಗೊಂದು ನೀರು ಏನು ತಂಗೆವ್ವಾ? ದಿನಾ ಮುಂಜಾನಿ ಆ ಐದು ಅಂಪೇರು ನನ್ನ ಕೈಯಿಂದ ಹೋಗ್ತಾವ. ಮುಳ್ಳು ನನ್ನ ಕಣ್ಣ ಮುಂದದ. ನಿನಗ ಗೊತ್ತಾಗಿ ಮೂರು ವಾರ. ನನಗ ಗೊತ್ತಾಗಿ ಎರಡು ತಿಂಗಳು. ನಾ ಇಂಜಿನ್ ಒರಸ್ಕೋತ ಕುಂತೀನಿ." ಅವನ ದನಿ ಏರಿರಲಿಲ್ಲ, ಆದರ ನನಗ ಅಲ್ಲಿ ನಿಲ್ಲಾಕ ಆಗಲಿಲ್ಲ.

ಮರುದಿನ ಮುಂಜಾನಿ ನಾ ಖಟಕಿ ಒತ್ತಿದೆ. ದೀಪ ಹತ್ತಲಿಲ್ಲ. ಎರಡು ಸಲ, ಮೂರು ಸಲ ಒತ್ತಿದೆ. ವೆಂಕಟಪ್ಪ ಓಡಿ ಬಂದು ತಾನೂ ಒತ್ತಿದ. ದೀಪ ಇಲ್ಲಂದ್ರ ಅವನ ಮಾರಿ ಮ್ಯಾಲಿನ ರಕ್ತಾನೂ ಇಳೀತು. ಬಾಣಂತೇರು ಜ್ವರದಾಗ ಬಡಬಡಿಸೂ ಮುಂದ ನಿದ್ದಿಗಿ ಭಂಗ ಬಂದಿರದ ಮನುಷ್ಯಾ ಒಂದು ಬಲ್ಬಿನ ಸಲುವಾಗಿ ಛತ್ರಿ ಮರೆತು ಸ್ಟೇಶನ್ ರಸ್ತಾದಾಗ ಓಡಿದ. ನೋಡಾಕಂತ ನಾನೂ ಹಿಂದ ಹೋದೆ.

ಮಕ್ತುಮಸಾಬ ಸ್ಟೂಲಿನ ಮ್ಯಾಲ ಕುಂತಿದ್ದ. ಇಂಜಿನ್ ನಡದಿತ್ತು. ದವಾಖಾನಿ ತಂತಿಯ ಫ್ಯೂಜು ಕಿತ್ತು ಅಂಗಿ ಕಿಸೆದಾಗ ಇಟ್ಕೊಂಡಿದ್ದ.

"ಯಾಕ್ರೀ ಕರೆಂಟ್ ಬರ್ತಾ ಇಲ್ಲ? ದೀಪ ಉರೀತಾ ಇಲ್ಲ" ಅಂದ ವೆಂಕಟಪ್ಪ, ಏದುಸಿರು ಬಿಟ್ಕೋತ.

"ನಾನೇ ತೆಗ್ದೀನ್ರಿ. ನಿಮಗ ದೀಪ ಬೇಕೇನ್ರಿ, ಕುದಿಯೂ ನೀರು ಬೇಕೇನ್ರಿ?"

"ದೀಪ ಬೇಕು ಕಣ್ರೀ."

"ಹಂಗಾದ್ರ ರಾಡು ತರಿಸ್ರಿ. ಅಲ್ಲೀತನ ನಿಮ್ಮದೇ ಮೂರನೇ ನಿಯಮ ಅದಲ್ರಿ, ದೀಪ ಉರಿಯದಿದ್ರ ಒಲಿ ಮ್ಯಾಲ ಕುದಿಸಬೇಕು ಅಂತ. ಕುದಿಸ್ರಿ."

ತಾನು ಬರೆದ ನಿಯಮ ತಾನು ಮುರಿಯೂದು ವೆಂಕಟಪ್ಪನ ಹಣ್ಯಾಗ ಬರೆದಿರಲಿಲ್ಲ. ಅಂಗಳದಾಗ ಮೂರು ಕಲ್ಲು ಇಡಿಸಿದ. ನಾ ತೊಗರಿ ಕಟಗಿ ತಂದು ಒಲಿ ಹಚ್ಚಿದೆ. ಹೊಗಿ ಎದ್ದು ಸುಣ್ಣದ ಗ್ವಾಡಿ ಕರ್ರಗಾಯ್ತು. ಹಂಡೆದಾಗ ನೀರು ಕೊತಕೊತ ಕುದ್ದಾಗ ನನಗ ಅಳು ಬಂತು. ಹೊಗಿಗಿ ಅಂತ ನರ್ಸಮ್ಮಗ ಹೇಳಿದೆ.

ಅಂವ ಫ್ಯೂಜು ಹಾಕಲಿಲ್ಲ, ಒಂಬತ್ತು ದಿನಾ. ಬಿಜಲಿ ನೌಕರನ್ನ ಹಿಡಿಯಾಕ ಬಿಜಲಿಯವ್ರಿಗೇ ಬರೀಬೇಕು, ಅವ್ರ ಸಾಹೇಬ ರಾಯಚೂರಿನ್ಯಾಗ. ಅಲ್ಲೀತನ ಕಾಗದ ಹೋಗಿ ಬರಾಕ ಒಂಬತ್ತು ದಿನಾ ಬೇಕಾದ್ವು. ಆ ಒಂಬತ್ತು ದಿನದಾಗ ಏಳು ಹೆರಿಗಿ ಆದ್ವು. ಆರನೇದು ಹಜರಾಬೀದು. ಭಾಳ ತ್ರಾಸಾಯ್ತು, ಡಾಕ್ಟರಮ್ಮ ಇಕ್ಕಳ ಹಾಕಿ ತೆಗಿಬೇಕಾಯ್ತು, ಹೊಲಿಗಿ ಬಿದ್ವು. ಗಂಡು ಕೂಸು. ಏಳೂ ಮಂದ್ಯಾಗ ಒಬ್ಬಾಕಿಗೂ ಮೈ ಬಿಸಿ ಆಗಲಿಲ್ಲ. ಮೂರನೇ ದಿನಾ ನಾನು ಎಲ್ಲಾರ ಹಣಿ ಮುಟ್ಟಿ ಮುಟ್ಟಿ ನೋಡ್ತಿದ್ದೆ.

ಈಗ ಮಜಾ ನೋಡ್ರಿ. ಎರಡು ತಿಂಗಳು ನೀರು ಕುದೀದಿದ್ದಾಗ ಪಟ್ಟಿ ಬಂದಿರಲಿಲ್ಲ. ದೀಪ ಆರಿದ ಕೂಡ್ಲೇ ಬೆಂಗಳೂರಿಗಿ ತಂತಿ ಸುದ್ದಿ ಹೋತು, ಪಟ್ಟಿ ಇಲ್ಲದಿದ್ರೂ ಮಂಜೂರಾತಿ ಬಂತು, ರಾಯಚೂರಿನಿಂದ ಮೆಕ್ಯಾನಿಕ್ಕು ಬಂದ. ಪೆಟಗಿ ಬಿಚ್ಚಿದ್ರ ಎರಡು ರಾಡು ಕರಕಾಗಿ ತುಂಡಾಗಿದ್ವು, ಮ್ಯಾಲ ಸುಣ್ಣ ಕಟ್ಟಿತ್ತು. "ಇವು ಸತ್ತು ಭಾಳ ದಿನಾ ಆಗ್ಯಾದ" ಅಂತ ಮೆಕ್ಯಾನಿಕ್ಕು ನನ್ನ ಮುಂದೇ ಅಂದ. ಹೊಸಾವು ಹಾಕಿದ, ಚಾ ಕುಡದ, ಹೋದ. ವೆಂಕಟಪ್ಪ ಕುಂತು ವರದಿ ಬರೆದ. ನೌಕರ ಮಕ್ತುಮಸಾಬನು ದುರುದ್ದೇಶದಿಂದ ಏಕಾಏಕಿ ವಿದ್ಯುತ್ ಕಡಿತ ಮಾಡಿದ ಕಾರಣ ಸರ್ಕಾರಿ ಯಂತ್ರದ ಎರಡು ಸಲಾಕೆಗಳು ಸುಟ್ಟು ನಷ್ಟವಾಗಿವೆ, ಈತನು ಹಳೆಯ ಆಡಳಿತದ ನೌಕರನೆಂಬುದನ್ನು ಗಮನಿಸತಕ್ಕದ್ದು. ಕಡೀ ಮಾತಿನ ಅರ್ಥ, ಇಂವ ನಿಜಾಮನ ಮನುಷ್ಯಾ ಅಂತ, ಆ ವರ್ಷ ಎಲ್ಲಾರಿಗೂ ತಿಳೀತಿತ್ತು.

ಜೂನಿನ್ಯಾಗ ತನಿಖಿ ಆಯ್ತು. ತನಿಖಿ ಸಾಹೇಬ ಹೊಸಬ, ಅವನೂ ಆ ಕಡಿಯವನೇ. ಮಕ್ತುಮಸಾಬ ತೊಳೆದ ಪೈಜಾಮ ಹಾಕ್ಕೊಂಡು ಬಂದು ವಹಿ ಮೇಜಿನ ಮ್ಯಾಲಿಟ್ಟ. ಎರಡು ತಿಂಗಳ ಮುಳ್ಳು ಎಲ್ಲಾ ಅದರಾಗಿತ್ತು, ಹದಿನೈದು ಯಾವತ್ತು ಹತ್ತಾಯ್ತು, ಹತ್ತು ಯಾವತ್ತು ಐದಾಯ್ತು. ಸಾಹೇಬ ಹಾಳಿ ತಿರುವಿ, ಇದು ಉರ್ದು, ತನಗೆ ಓದೋಕೆ ಬರೋಲ್ಲ, ಅಧಿಕೃತ ತರ್ಜುಮೆ ಆಗಬೇಕು ಅಂದ. ಆ ಖೋಲ್ಯಾಗ ಕುಂತ ಕಾರಕೂನರು ನಾಕು ಮಂದಿ. ನಾಕೂ ಮಂದಿ ನಿಜಾಮರ ಸಾಲ್ಯಾಗ ಉರ್ದು ಕಲಿತೇ ನೌಕರಿ ಹಿಡಿದವ್ರು. ಹೋದ ವರ್ಷತನ ಅರ್ಜಿ ಎಲ್ಲಾ ಉರ್ದುದಾಗೇ ಬರೀತಿದ್ರು. ಅವತ್ತು ನಾಕೂ ಮಂದಿ ಆ ವಹಿಯನ್ನ ಹಿಂದೆಂದೂ ಕಾಣದ ಪ್ರಾಣಿ ನೋಡಿದಂಗ ನೋಡಿದ್ರು. ವಹಿಯನ್ನ ತರ್ಜುಮೆಗಿ ಹೈದರಾಬಾದಿಗಿ ಕಳಿಸಿದ್ರು. ಅದು ತಿರುಗಿ ಬರಲೇ ಇಲ್ಲ.

ಆಮ್ಯಾಲ ನನ್ನ ಸಾಕ್ಷಿ. ಮಕ್ತುಮಸಾಬ ಬಾಜೂಕೇ ನಿಂತಿದ್ದ. ನನ್ನ ನೋಡಿ ತುಸು ನಕ್ಕ, ಇನ್ನೇನು ಎಲ್ಲಾ ಬಗೆಹರೀತು ಅನ್ನೂವಂಗ.

"ಆಯಾ ದೇವಕಮ್ಮ, ಕರೆಂಟ್ ತೆಗೆಯೋ ಹಿಂದಿನ ದಿನ ಯಂತ್ರದ ದೀಪ ಉರೀತಿತ್ತೇ?"

"ಹೌದ್ರಿ. ಉರೀತಿತ್ರಿ."

"ಅದಕ್ಕೂ ಹಿಂದಿನ ದಿನ?"

"ಹೌದ್ರಿ."

ಸಾಹೇಬ ಬರಕೊಂಡ. ಇನ್ನೇನಾದರೂ ಹೇಳೋದಿದೆಯಾ ಅಂತ ಕೇಳಿದ. ನನ್ನ ನಾಲಿಗಿ ತುದಿಗಿ ಬಂದಿತ್ತು. ಹೇಳಿದ್ರ ಮುಂದಿನ ಪ್ರಶ್ನಿ ಏನು ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಆ ಕತ್ರಿ ಯಾಕ ಕೊಟ್ಟಿ? ಜ್ವರ ಬಂದ ಆ ಇಬ್ಬರಿಗಿ ಯಾರು ಕೊಟ್ರು? ನಿನ್ನ ಬಳಗದವ್ರಿಗಿ ಮಾತ್ರ ಯಾಕ ಮನ್ಯಾಗ ಕುದಿಸಿದಿ? ವೆಂಕಟಪ್ಪ ತನ್ನ ತೊಡಿ ಮ್ಯಾಲಿನ ಕಾಗದ ನೋಡ್ತಿದ್ದ. ಮಕ್ತುಮಸಾಬ ನನ್ನ ನೋಡ್ತಿದ್ದ.

"ಇಲ್ರಿ" ಅಂದೆ. ಹೆಬ್ಬಟ್ಟು ಒತ್ತು ಅಂದ್ರು. ನನಗ ಸಹಿ ಮಾಡಾಕ ಬರ್ತದ ಅಂತ ಹೇಳಿ, ಚಂದಾಗಿ ಸಹಿ ಮಾಡಿದೆ.

ಮಕ್ತುಮಸಾಬನ ನೌಕರಿ ಹೋತು. ಸುರಪುರದಾಗ ಯಾರದೋ ಹಿಟ್ಟಿನ ಗಿರಣ್ಯಾಗ ಇಂಜಿನ್ ಒರಸಾಕ ನಿಂತ, ಅಲ್ಲೇ ಮುಪ್ಪಾದ, ಅಲ್ಲೇ ಸತ್ತ. ನಡುವ ಎರಡು ಮೂರು ಸಲ ಸಿಕ್ಕಿದ್ದ. "ಆರಾಮದಿಯೇನು ತಂಗೆವ್ವಾ" ಅಂತಿದ್ದ, ಮೊಮ್ಮಗನ ಸುದ್ದಿ ಹೇಳ್ತಿದ್ದ. ಯಾಕ ಹೇಳಲಿಲ್ಲ ಅಂತ ಒಂದು ಸಲ ಸೈತ ಕೇಳಲಿಲ್ಲ. ಕೇಳಿದ್ರ ಜಗಳಾಡಿ ಹಗುರಾಗ್ತಿದ್ದೆ, ಅದಕ್ಕೂ ಅಂವ ಅವಕಾಶ ಕೊಡಲಿಲ್ಲ. ನಾ ಪಿಂಚಣಿ ತಗೊಂಡು ಕುಂತೀನಿ. ವೆಂಕಟಪ್ಪನ್ನ ಇಷ್ಟೊತ್ತು ಬೈದೆ, ಬೈಯೂದು ಹಗೂರ. ಅವನಿಗಿ ನೀರಿನ ಸುದ್ದಿ ಬರೀ ಕಿವಿಯಿಂದ ಗೊತ್ತಿತ್ತು. ನಾ ಬೆರಳು ಅದ್ದಿ ನೋಡಿದ್ದೆ. ಆ ಖೋಲ್ಯಾಗ ಹೇಳಬೇಕಾಗಿದ್ದು ಮೂರೇ ಮಾತು, ಸಾಹೇಬ್ರ, ನೀರು ಕುದೀತಿರಲಿಲ್ಲ.